ಡಾ. ಕೋಲ್ಮನ್ನರೂ ನಮ್ಮ ಅಡಿಕೆಯ ತೋಟಗಳೂ

ಭಟ್ಕಳ, ಹೊನ್ನಾವರ, ಕುಮಟಾ ಈ ಮೂರು ತಾಲೂಕುಗಳಲ್ಲಿ ಅಡಿಕೆಯ ತೋಟವುಳ್ಳ ಯಾವ ಮನೆಯಲ್ಲಿ ಕೇಳಿದರೂ ಮೈಲುತುತ್ತು ಎಂದರೇನೆಂಬುದನ್ನು ಹೇಳುತ್ತಾರೆ. ಡಾ. ಲೆಸ್ಲಿ ಕೋಲ್ಮನ್ ಯಾರೆಂದು ಕೇಳಿದರೆ ಮಾತ್ರ ಮುಖ ಮುಖ ನೋಡುತ್ತಾರೆ. ಕೃಷಿ ವಿಸ್ತರಣೆಯಿಂದ ರೈತನಿಗೆ ಏನು ಲಾಭವೆಂಬ ಚರ್ಚೆ ನಮ್ಮ ತರಗತಿಯಲ್ಲಿ ನಡೆದಾಗಲೆಲ್ಲ ನನಗೆ ನೆನಪಾಗುವುದು ಈ ಮಹನೀಯರೇ. ಆದುದರಿಂದ ಅವರ ಜೀವನವನ್ನು ತಿಳಿದಷ್ಟರ ಮಟ್ಟಿಗೆ ಇಲ್ಲಿ ಬರೆಯುತ್ತೇನೆ.

ಕೋಲ್ಮನ್ನರು ಹುಟ್ಟಿದ್ದು ೧೮೭೮ರಲ್ಲಿ, ಕೆನಡಾ ದೇಶದ ಒಂಟೇರಿಯೊ ಪ್ರಾಂತದಲ್ಲಿ. ಟೊರಾಂಟೊದಲ್ಲಿ ಓದಿ, ಜರ್ಮನಿಯ ಗಾಟಿಂಗೆನ್ ವಿಶ್ವವಿದ್ಯಾಲಯದಲ್ಲಿ ಡಾಕ್ಟರೇಟ್ ಪಡೆದು, ೧೯೦೮ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದರು. ಬೆಳೆಗಳಿಗೆ ತಗಲುವ ಶಿಲೀಂಧ್ರಗಳನ್ನೂ ಕೀಟಗಳನ್ನೂ ಪರೀಕ್ಷಿಸುವುದು ಅವರ ಉದ್ಯೋಗ. ಹಿಮ ಬೀಳುವ ನಾಡಿನಿಂದ ಬಂದ ಮೂವತ್ತು ವರ್ಷದ ಆ ತರುಣನಿಗೆ ಎದುರಾದ ಮೊದಲ ದೊಡ್ಡ ಸಮಸ್ಯೆಗಳಲ್ಲಿ ಮಲೆನಾಡಿನ ಅಡಿಕೆಯ ಕೊಳೆರೋಗವೂ ಒಂದು.

ಕೊಳೆಯೆಂದರೆ ಏನೆಂಬುದನ್ನು ತೋಟದ ಮನೆಗಳಿಂದ ಬಂದ ಗೆಳೆಯರಿಗೆ ನಾನು ಹೇಳಬೇಕಾದ್ದಿಲ್ಲ. ಉಳಿದವರಿಗಾಗಿ ಹೇಳುತ್ತೇನೆ. ಆಷಾಢದ ಮಳೆ ಬಿಡದೆ ಹೊಡೆದು ನಡುವೆ ಒಮ್ಮೊಮ್ಮೆ ಬಿಸಿಲು ಇಣುಕಿತೆಂದರೆ ಎಳೆಯ ಕಾಯಿಯ ತೊಟ್ಟಿನ ಬಳಿ ನೀರು ಹೀರಿದಂಥ ಕಪ್ಪು ಹಸುರಿನ ಕಲೆ ಏಳುತ್ತದೆ. ಕಲೆ ಹರಡಿ ಕಾಯಿ ಉದುರುತ್ತದೆ. ಬಿದ್ದ ಕಾಯಿಯ ಮೇಲೆ ಬಿಳಿಯ ಬೂಷ್ಟು ಹಬ್ಬುತ್ತದೆ. ಒಂದು ಕೊನೆಗೆ ಹಿಡಿದದ್ದು ಮಳೆಯ ಹನಿಯೊಡನೆ ಸಿಡಿದು ಪಕ್ಕದ ಮರಕ್ಕೂ ಹೋಗುತ್ತದೆ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ನಮ್ಮ ಕರಾವಳಿಯಲ್ಲಿ ಇದಕ್ಕಿಂತ ಅನುಕೂಲವಾದ ಸ್ಥಳ ಅದಕ್ಕೆ ಇನ್ನೆಲ್ಲಿ ಸಿಕ್ಕೀತು? ಅಡಿಕೆಯ ಮೇಲೆಯೇ ಸಾಲ, ಮದುವೆ, ಮಕ್ಕಳ ಓದು ಎಲ್ಲವೂ ನಿಂತಿರುವ ಮನೆಯಲ್ಲಿ ಶ್ರಾವಣದ ಹೊತ್ತಿಗೆ ಅಂಗಳದ ತುಂಬ ಹಸಿ ಕಾಯಿ ಕೊಳೆಯುತ್ತ ಬಿದ್ದಿದ್ದರೆ ಆ ವರ್ಷ ಮುಗಿದಂತೆಯೇ.

ಹಿಂದಿನವರು ಸುಮ್ಮನೆ ಕುಳಿತಿರಲಿಲ್ಲ. ಕರಡದಿಂದ ಕೊಟ್ಟೆ ಹೆಣೆದು ಒಂದೊಂದು ಕೊನೆಗೂ ಕಟ್ಟುತ್ತಿದ್ದರು. ಕೊನೆ ನೆನೆಯದಿದ್ದರೆ ಕೊಳೆಯಿಲ್ಲವೆಂಬುದು ಅವರಿಗೆ ಅನುಭವದಿಂದ ಗೊತ್ತಿತ್ತು. ಆ ಕೊಟ್ಟೆಗಳನ್ನು ಹೆಣೆಯುವುದರಲ್ಲಿಯೇ ಬೇಸಿಗೆ ಕಳೆಯುತ್ತಿತ್ತೆಂದು ನಮ್ಮ ಅಜ್ಜ ತಮ್ಮ ಹಿರಿಯರಿಂದ ಕೇಳಿದ್ದನ್ನು ಹೇಳುವುದುಂಟು. ಉಪಾಯ ಒಳ್ಳೆಯದೇ, ಆದರೆ ಆಳುಕಾಳಿಲ್ಲದ ಸಣ್ಣ ಹಿಡುವಳಿದಾರನಿಗೆ ಅದು ನಿಲುಕುವಂಥದಲ್ಲ.

ಕೋಲ್ಮನ್ನರು ರೋಗಕ್ಕೆ ಕಾರಣವಾದ ಶಿಲೀಂಧ್ರವನ್ನು ಗುರುತಿಸಿ, ಅದರ ಜೀವನಕ್ರಮವನ್ನು ವಿವರಿಸಿ, ೧೯೧೦ರಲ್ಲಿ ಪ್ರಕಟಿಸಿದರು. ಮುಂದೆ ಅದು ಫೈಟೋಫ್ತೊರಾ ಅರೇಕೆ ಎಂಬ ಹೆಸರಿನಿಂದ ಪ್ರಸಿದ್ಧವಾಯಿತು. ಮದ್ದಾಗಿ ಅವರು ಆರಿಸಿಕೊಂಡದ್ದು ಬೋರ್ಡೋ ದ್ರಾವಣವನ್ನು. ಇದರ ಕಥೆ ಸ್ವಾರಸ್ಯವಾದದ್ದು. ಫ್ರಾನ್ಸಿನ ಬೋರ್ಡೋ ಸೀಮೆಯಲ್ಲಿ ದಾರಿಹೋಕರು ದ್ರಾಕ್ಷಿ ಕದಿಯದಿರಲೆಂದು ರೈತರು ಸುಣ್ಣ, ಮೈಲುತುತ್ತು ಕಲಸಿ ಬಳ್ಳಿಗೆ ಎರಚುತ್ತಿದ್ದರು. ಆ ಬಳ್ಳಿಗಳಿಗೆ ರೋಗ ತಗಲದ್ದನ್ನು ಕಂಡ ಮಿಲಾರ್ಡೆ ಎಂಬ ವಿಜ್ಞಾನಿ ೧೮೮೫ರಲ್ಲಿ ಅದನ್ನು ಔಷಧವಾಗಿ ಪ್ರಕಟಿಸಿದ. ಕಳ್ಳರಿಗೆಂದು ಮಾಡಿದ್ದು ಶಿಲೀಂಧ್ರಕ್ಕೆ ತಾಗಿತು! ಅದನ್ನು ಮಲೆನಾಡಿನ ತೋಟಗಳಲ್ಲಿಯೇ ಪರೀಕ್ಷಿಸಿ, ಮಳೆಗಾಲದ ಮುನ್ನವೇ ಕೊನೆಗಳಿಗೆ ಸಿಂಪಡಿಸುವ ಪದ್ಧತಿಯನ್ನು ರೂಢಿಗೆ ತಂದ ಕೀರ್ತಿ ಕೋಲ್ಮನ್ನರದು.

ಮದ್ದಿನ ಹೆಸರು ತಿಳಿದ ಮಾತ್ರಕ್ಕೆ ಕೆಲಸವಾಗುವುದಿಲ್ಲ. ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು ಎಂಬುದು ಇಂದಿನ ಲೆಕ್ಕ. ಎರಡನ್ನೂ ಬೇರೆ ಬೇರೆ ಕರಗಿಸಿ ತುತ್ತಿನ ನೀರನ್ನು ಸುಣ್ಣದ ನೀರಿಗೆ ಸುರಿಯಬೇಕು. ಹೊಳೆಯುವ ಕಬ್ಬಿಣದ ಚೂರಿಯನ್ನು ಅದ್ದಿದಾಗ ಕೆಂಪು ಹತ್ತಿದರೆ ಸುಣ್ಣ ಸಾಲದೆಂದು ಅರ್ಥ. ಹಾಗೆಯೇ ಹೊಡೆದರೆ ಎಳೆಗಾಯಿ ಸುಡುತ್ತದೆ. ಮೊದಲನೆಯದು ಮಳೆ ಹಿಡಿಯುವ ಮುಂಚೆ, ಎರಡನೆಯದು ನಲವತ್ತು ನಲವತ್ತೈದು ದಿನಗಳ ಮೇಲೆ. ಇವುಗಳಲ್ಲಿ ಒಂದು ತಪ್ಪಿದರೂ ದುಡ್ಡು ನೀರಿಗೆ ಹೋದಂತೆ. ಇಂಥ ಸಂಗತಿಗಳನ್ನು ಯಾರಾದರೂ ತೋಟಕ್ಕೆ ಬಂದು ಬಕೆಟ್ಟಿನ ಮುಂದೆ ನಿಂತು ಮಾಡಿ ತೋರಿಸಬೇಕು. ವಿಸ್ತರಣೆಯೆಂದರೆ ಇಷ್ಟೇ ಎಂದು ನನ್ನ ಅಭಿಪ್ರಾಯ.

ಕೋಲ್ಮನ್ನರು ಸಂಸ್ಥಾನದ ಕೃಷಿ ಇಲಾಖೆಯ ನಿರ್ದೇಶಕರಾಗಿ ೧೯೩೪ರಲ್ಲಿ ನಿವೃತ್ತರಾದರು. ಹೆಬ್ಬಾಳದ ಕೃಷಿ ಶಾಲೆ ೧೯೧೩ರಲ್ಲಿಯೂ, ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರ ೧೯೨೫ರಲ್ಲಿಯೂ ಹುಟ್ಟಿದ್ದು ಅವರ ಕಾಲದಲ್ಲಿಯೇ. ಅವರು ೧೯೫೪ರಲ್ಲಿ ತೀರಿಕೊಂಡರು.

ಒಂದು ಮಾತನ್ನು ಮರೆಮಾಚಬಾರದು. ಕೋಲ್ಮನ್ನರು ನಮ್ಮ ತಾಲೂಕುಗಳ ಅಧಿಕಾರಿಯಾಗಿರಲಿಲ್ಲ. ಆಗ ಉತ್ತರ ಕನ್ನಡ ಜಿಲ್ಲೆ ಮುಂಬಯಿ ಆಡಳಿತದಲ್ಲಿತ್ತು. ಘಟ್ಟದ ಮೇಲಿನ ಸಾಗರ ಮೈಸೂರಿನದು, ಕೆಳಗಿನ ಗೇರುಸೊಪ್ಪೆ ಮುಂಬಯಿಯದು. ಸರಕಾರಗಳಿಗೆ ಗಡಿಯಿತ್ತು, ಕೊಳೆಗೆ ಇರಲಿಲ್ಲ, ನೆಂಟಸ್ತಿಕೆಗೂ ಇರಲಿಲ್ಲ. ೧೯೫೬ರಲ್ಲಿ ಎರಡು ಕಡೆಯೂ ಒಂದೇ ರಾಜ್ಯವಾಯಿತು. ಇಂದು ತೋಟಗಾರಿಕೆ ಇಲಾಖೆ, ಹೋಬಳಿಯ ರೈತ ಸಂಪರ್ಕ ಕೇಂದ್ರ, ಶಿರಸಿಯ ಕೃಷಿ ವಿಜ್ಞಾನ ಕೇಂದ್ರ ಇವೆ. ಕೊಳೆ ಹೆಚ್ಚಿದ ವರ್ಷ ಕಾಯಿಯನ್ನು ಕೈಯಲ್ಲಿ ಹಿಡಿದು ಹೋಗಿ ಕೇಳಲು ಒಂದು ಬಾಗಿಲಿದೆ ಎಂಬುದು ಸಣ್ಣ ಸಂಗತಿಯಲ್ಲ.

ಈಗಿನ ಕೊರತೆ ಬೇರೆ. ಮದ್ದಿದೆ, ಮರ ಹತ್ತುವ ಕೊನೆಗೌಡನಿಲ್ಲ. ಮಳೆಯ ನಡುವೆ ಎರಡು ದಿನ ಬಿಡುವು ಸಿಕ್ಕಾಗ ಊರಿನ ಎಲ್ಲ ತೋಟಗಳಿಗೂ ಅವನೊಬ್ಬನೇ ಬೇಕು; ಸಣ್ಣ ತೋಟದ ಸರದಿ ಕೊನೆಗೆ. ಕಾರ್ಬನ್ ಫೈಬರ್ ದೋಟಿಯಿಂದ ನೆಲದಲ್ಲಿ ನಿಂತೇ ಮದ್ದು ಹೊಡೆಯುವುದನ್ನು ಈಗ ಹಲವರು ಕಲಿಯುತ್ತಿದ್ದಾರೆ. ಕಳೆದ ರಜೆಯಲ್ಲಿ ನಾನೂ ಹಿಡಿದು ನೋಡಿದೆ. ದೋಟಿ ಹಗುರ, ಕತ್ತೆತ್ತಿ ಕೊನೆಯ ಒಳಭಾಗಕ್ಕೆ ಗುರಿಯಿಡುವುದು ಕಷ್ಟ. ಅದಕ್ಕೂ ಪಕ್ಕದಲ್ಲಿ ನಿಂತು ಹೇಳಿಕೊಡುವವರು ಬೇಕು.