ನೋಡಿ ಬರೆದು ಕಲಿತ ರೆಂಬ್ರಾಂಟ್

ಪರೀಕ್ಷೆಯಲ್ಲಿ ನೋಡಿ ಬರೆಯುವುದು ತಪ್ಪು ಎಂದು ನಮಗೆಲ್ಲ ಗೊತ್ತು. ಆದರೆ ನೋಡಿ ಬರೆಯುವುದರಿಂದಲೇ ಕೈ ಪಳಗಿಸಿಕೊಂಡವರೂ ಇದ್ದಾರೆ. ಹಾಲೆಂಡಿನ ಚಿತ್ರಕಾರ ರೆಂಬ್ರಾಂಟ್ ಅಂಥವನು. ಸಾಫ್ಟ್‌ವೇರ್ ಇಂಜಿನಿಯರ್ ಆದ ನನಗೆ ಆತ ಹಿಡಿಸಿದ್ದು ಈ ಕಾರಣಕ್ಕೇ.

ರೆಂಬ್ರಾಂಟ್ 1606ರಲ್ಲಿ ಲೈಡನ್ ಊರಿನ ಗಿರಣಿಯವರ ಮನೆಯಲ್ಲಿ ಹುಟ್ಟಿದ. ಆಮ್‌ಸ್ಟರ್‌ಡ್ಯಾಮಿನಲ್ಲಿ ಪೀಟರ್ ಲಾಸ್ಟ್‌ಮನ್ ಎಂಬ ಗುರುವಿನ ಬಳಿ ಕೆಲವು ತಿಂಗಳು ಕಲಿತ. ಸ್ವತಃ ಹೆಸರು ಮಾಡಿದ ಮೇಲೂ ಆ ಗುರುವಿನ ಚಿತ್ರಗಳನ್ನು ಕೆಂಪು ಸುಣ್ಣದ ಕಡ್ಡಿಯಲ್ಲಿ ನೋಡಿ ಬರೆದ.

ಆ ಕಾಲದ ಚಿತ್ರಕಾರರು ಕಲಿಯಲು ಇಟಲಿಗೆ ಹೋಗುತ್ತಿದ್ದರು. ರೆಂಬ್ರಾಂಟ್ ಹೋಗಲಿಲ್ಲ. 1639ರಲ್ಲಿ ಇಟಲಿಯ ರಾಫೆಲ್ ಬರೆದ ಕಾಸ್ಟಿಲಿಯೋನೆಯ ಭಾವಚಿತ್ರ ಆಮ್‌ಸ್ಟರ್‌ಡ್ಯಾಮಿನಲ್ಲಿ ಹರಾಜಿಗೆ ಬಂತು. 3,500 ಗಿಲ್ಡರ್‌ಗೆ ಮಾರಾಟವಾದ ಆ ಚಿತ್ರವನ್ನು ರೆಂಬ್ರಾಂಟ್ ಲೇಖನಿಯಿಂದ ಸರಸರನೆ ಗೀಚಿಕೊಂಡ. ಟೋಪಿಯನ್ನು ಮಾತ್ರ ತುಸು ಓರೆ ಮಾಡಿದ. ಮರುವರ್ಷ, 34ರ ವಯಸ್ಸಿನಲ್ಲಿ, ತನ್ನದೇ ಭಾವಚಿತ್ರ ಬರೆದ. ಮೈ ಓರೆಯಾಗಿ ತಿರುಗಿದೆ, ಕಣ್ಣು ನೇರ ನಮ್ಮತ್ತ ನೋಡುತ್ತಿದೆ. ಭಂಗಿ ಇಟಲಿಯ ಗುರುಗಳದು, ಮುಖ ಅವನದೇ. ಈಗ ಅದು ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿದೆ.

1656ರಲ್ಲಿ ಸಾಲದಿಂದ ಆತ ದಿವಾಳಿಯಾದ. ಮನೆಯೂ ಕೂಡಿಟ್ಟ ಕಲಾಕೃತಿಗಳೂ ಹರಾಜಾದವು. ಹೆಚ್ಚುಕಡಿಮೆ ಅದೇ ವರ್ಷಗಳಲ್ಲಿ, ಐವತ್ತರ ಆಸುಪಾಸಿನಲ್ಲಿ, ನಮ್ಮ ದೇಶದ ಮೊಘಲ್ ಕಿರುಚಿತ್ರಗಳನ್ನು ಎದುರಿಗಿಟ್ಟುಕೊಂಡು ಷಹಜಹಾನನ ಚಿತ್ರ ಬರೆದ. ಅಂಥ 23 ಚಿತ್ರಗಳು ಇಂದಿಗೂ ಉಳಿದಿವೆ. 1669ರಲ್ಲಿ ತೀರಿಕೊಂಡ.

ನೋಡಿ ಬರೆಯುವಾಗ ಕಣ್ಣು ಸುಮ್ಮನೆ ದಾಟಿಹೋಗುವಂತಿಲ್ಲ. ಮೂಗಿನ ನೆರಳು ಕೆನ್ನೆಯಲ್ಲಿ ಎಲ್ಲಿ ಕರಗುತ್ತದೆ, ಬೆಳಕು ಹಣೆಯ ಯಾವ ಬದಿಗೆ ಬಿದ್ದಿದೆ ಎಂದು ಗೆರೆಗೆರೆಗೂ ಕೇಳಿಕೊಳ್ಳಬೇಕು. ನನ್ನ ಕೆಲಸದಲ್ಲೂ ಅಷ್ಟೇ. ಅನುಭವಿಗಳ ಪ್ರೋಗ್ರಾಮನ್ನು ಸಾಲು ಸಾಲಾಗಿ ಟೈಪ್ ಮಾಡಿ, ಒಂದು ಸಾಲು ಬದಲಿಸಿ ಏನಾಗುತ್ತದೆಂದು ನೋಡಿದಾಗಲೇ ನನಗೆ ಅದು ಅರ್ಥವಾದದ್ದು.

ಹಾಗಾದರೆ ಕಲಿಕೆಗೂ ಕಳ್ಳತನಕ್ಕೂ ವ್ಯತ್ಯಾಸ ಎಲ್ಲಿದೆ? ಹರಾಜಿನ ಆ ಪುಟ್ಟ ಕಾಗದದಲ್ಲೇ ಉತ್ತರವಿದೆ. ಚಿತ್ರದಲ್ಲಿರುವವರು ಯಾರು, ಎಷ್ಟಕ್ಕೆ ಮಾರಾಟವಾಯಿತು ಎಂಬುದರ ಜೊತೆಗೆ ಮೂಲ ಚಿತ್ರ ರಾಫೆಲನದು ಎಂದೂ ರೆಂಬ್ರಾಂಟ್ ತನ್ನ ಕೈಯಾರೆ ಬರೆದಿಟ್ಟಿದ್ದಾನೆ. ಪರೀಕ್ಷೆಯಲ್ಲಿ ನಕಲು ಹೊಡೆಯುವವನು ಬಚ್ಚಿಡುವುದು ಇದನ್ನೇ. ನಮ್ಮ ಶಾಲೆಯ ಮಕ್ಕಳು ಒಳ್ಳೆಯ ಚಿತ್ರವೊಂದನ್ನು ಎದುರಿಗಿಟ್ಟುಕೊಂಡು ಧೈರ್ಯವಾಗಿ ಬರೆಯಲಿ. ಕೆಳಗೆ ಗುರುವಿನ ಹೆಸರೂ ಇರಲಿ.