ತಾನೇ ಕ್ಯಾಮೆರಾ ಮಾಡಿಕೊಂಡ ಕೊಲ್ಹಾಪುರದ ಪೇಂಟರ್

ಮಂಗಳೂರಿನ ಬಂದರಿನ ಹಳೇ ಫೋಟೊ ಒಂದು ಮೊಬೈಲಿಗೆ ಬಂದರೆ ಸಾಕು, ನಮ್ಮವರಲ್ಲಿ ದಿನವಿಡೀ ಅದೇ ಮಾತು. ದಕ್ಕೆ ಹೀಗಿತ್ತಾ, ಹಂಚಿನ ಕಾರ್ಖಾನೆಯ ಚಿಮಣಿ ಎಲ್ಲಿ ಹೋಯ್ತು ಅಂತ. ಅಂಥ ಹಳೇ ಚಿತ್ರಗಳಲ್ಲಿ ಹಲವು ಬಾಸೆಲ್ ಮಿಷನ್‌ನವರ ಸಂಗ್ರಹದ್ದು. ಊರು ನಮ್ಮದು, ಕ್ಯಾಮೆರಾ ಹೊರಗಿನವರದ್ದು. ತನ್ನ ಜನರ ಹಿಂದಿನ ಕಾಲವನ್ನೂ ಕಣ್ಣೆದುರಿನ ಕಾಲವನ್ನೂ ಊರಿನವನೇ ಒಬ್ಬ ಚಿತ್ರ ಮಾಡಿದ್ದು ಎಲ್ಲಾದರೂ ಉಂಟಾ ಎಂದರೆ, ನನಗೆ ನೆನಪಾಗುವುದು ಬಾಬುರಾವ್ ಪೇಂಟರ್.

ಬಟ್ಟೆ ತರಲಿಕ್ಕೆ ನಾನು ಇಚಲಕರಂಜಿಗೆ ಹೋಗುವುದುಂಟು. ಮಿರಜ್‌ನಿಂದ ರೈಲು ಹತ್ತಿ ಹಾತಕಣಂಗಲೆಯಲ್ಲಿ ಇಳಿಯಬೇಕು. ಇಳಿಯದೆ ಕೂತರೆ ಅದೇ ರೈಲು ಕೊಲ್ಹಾಪುರಕ್ಕೆ ಹೋಗುತ್ತದೆ. ಬಾಬುರಾವ್ ಅಲ್ಲಿಯವರು. ಹುಟ್ಟಿದ್ದು 1890ರ ಜೂನ್ 3ರಂದು, ಪೂರ್ತಿ ಹೆಸರು ಬಾಬುರಾವ್ ಕೃಷ್ಣರಾವ್ ಮೇಸ್ತ್ರಿ. ಬಂಧು ಆನಂದರಾವ್ ಜೊತೆ ನಾಟಕ ಕಂಪೆನಿಗಳಿಗೆ ಪರದೆ ಬರೆಯುತ್ತಿದ್ದರು. ಹಾಗೆ ಪೇಂಟರ್ ಎನ್ನುವುದೇ ಹೆಸರಾಯಿತು.

ಫಾಲ್ಕೆಯವರ 1913ರ ರಾಜಾ ಹರಿಶ್ಚಂದ್ರ ಸಿನಿಮಾ ನೋಡಿದ ಮೇಲೆ ಇಬ್ಬರಿಗೂ ಹುಚ್ಚು ಹಿಡಿಯಿತು. ಕ್ಯಾಮೆರಾ ವಿದೇಶದಿಂದ ಬರಬೇಕು, ಕೈಯಲ್ಲಿ ದುಡ್ಡಿಲ್ಲ, ಅದರ ಮೇಲೆ ಮಹಾಯುದ್ಧ. ಹಳೆಯದೊಂದು ಪ್ರೊಜೆಕ್ಟರ್ ತಂದು, ಅದರ ಒಳಗೆ ಏನೇನುಂಟು ನೋಡಿ, ತಾವೇ ಕ್ಯಾಮೆರಾ ಮಾಡಲು ಹೊರಟರು. 1916ರಲ್ಲಿ ಆನಂದರಾವ್ ತೀರಿಕೊಂಡರು. ಬಾಬುರಾವ್ ಕೆಲಸ ಬಿಡಲಿಲ್ಲ. ಶಿಷ್ಯ ದಾಮ್ಲೆ ಜೊತೆ ಸೇರಿ 1918ರಲ್ಲಿ ಕ್ಯಾಮೆರಾ ಮುಗಿಸಿದರು.

ಇನ್ನು ಬಂಡವಾಳ. ಬಿಕಾಂ ಓದಿದ ನನಗೆ ಈ ಭಾಗವೇ ಹೆಚ್ಚು ಹಿಡಿಸುವುದು. ಮಹಾರಾಷ್ಟ್ರ ಫಿಲ್ಮ್ ಕಂಪೆನಿಗೆ ದುಡ್ಡು ಹಾಕಿದ್ದು ಸೇಠ್ ಅಲ್ಲ, ಬ್ಯಾಂಕ್ ಅಲ್ಲ. ತಾನಿಬಾಯಿ ಕಾಗಲಕರ್ ಎಂಬ ಗಾಯಕಿ. ಶಾಹು ಮಹಾರಾಜರು ಜಾಗವನ್ನೂ ಜನರೇಟರನ್ನೂ ಕೊಟ್ಟರು. ಕೆಲಸಕ್ಕೆ ಸೇರಿದವರಲ್ಲಿ ಕಾಗಲ್‌ನ ಶೇಖ್ ಫತ್ತೇಲಾಲ್ ಇದ್ದರು, ಆಮೇಲೆ ಹುಡುಗ ಶಾಂತಾರಾಮ್ ಬಂದರು.

ಮೊದಲ ಚಿತ್ರ ಸೈರಂಧ್ರಿ 1920ರ ಫೆಬ್ರವರಿಯಲ್ಲಿ ಪುಣೆಯಲ್ಲಿ ತೆರೆಕಂಡಿತು. ಹೆಂಗಸರ ಪಾತ್ರ ಹೆಂಗಸರೇ ಮಾಡಿದರು. ಅದಕ್ಕೆ ಅವರ ಜನ ಅವರನ್ನು ದೂರ ಇಟ್ಟರು, ಪಾಪ, ಸ್ಟುಡಿಯೋದಲ್ಲೇ ಇರಬೇಕಾಯಿತು. ಕೀಚಕನ ವಧೆ ಎಷ್ಟು ನಿಜದಂತಿತ್ತೆಂದರೆ ಕೊನೆಗೆ ಆ ದೃಶ್ಯವನ್ನೇ ತೆಗೆಯಬೇಕಾಯಿತು. ಲೋಕಮಾನ್ಯ ತಿಲಕರು ಚಿನ್ನದ ಪದಕ ಕೊಟ್ಟು ಸಿನಿಮಾ ಕೇಸರಿ ಎಂದು ಕರೆದರು. 1923ರ ಸಿಂಹಗಡದಲ್ಲಿ ತಾನಾಜಿಯ ಕಾಳಗವನ್ನು ವಿದ್ಯುತ್ ಬೆಳಕು ಹಾಕಿ ತೆಗೆದರು.

ಅದು ಹಳೇ ಕಾಲದ ಕಥೆ. 1925ರಲ್ಲಿ ಕ್ಯಾಮೆರಾವನ್ನು ತಮ್ಮದೇ ಕಾಲದ ಹಳ್ಳಿಗೆ ತಿರುಗಿಸಿದರು. ಸಾವಕಾರಿ ಪಾಶದಲ್ಲಿ ದೇವರಿಲ್ಲ, ರಾಜನಿಲ್ಲ. ಸುಳ್ಳು ಕಾಗದ ಮಾಡಿ ಸಾಹುಕಾರ ಜಮೀನು ನುಂಗುತ್ತಾನೆ, ರೈತ ಪಟ್ಟಣಕ್ಕೆ ಹೋಗಿ ಗಿರಣಿಯ ಕೂಲಿಯಾಗುತ್ತಾನೆ. ರೈತನಾಗಿ ನಟಿಸಿದ್ದು ಶಾಂತಾರಾಮ್. ಬಡ್ಡಿಯ ಲೆಕ್ಕದಲ್ಲಿ ಮನೆಯೊಂದು ಮುಳುಗುವುದನ್ನು ಹತ್ತಿರದಿಂದ ಕಂಡವರಿಗೆ ಈ ಕಥೆಯನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಆಗಿನ ಜನಕ್ಕೆ ದೇವರ ಕಥೆ ಬೇಕಿತ್ತು, ಸಾಲದ ಕಥೆ ಯಾರಿಗೆ ಬೇಕು? ಗಲ್ಲಾಪೆಟ್ಟಿಗೆ ತುಂಬಲಿಲ್ಲ. ಬಾಬುರಾವ್ ಮತ್ತೆ ಪುರಾಣಕ್ಕೆ ಹೋದರು.

ಕಲೆ ಅವರ ಕೈಯಲ್ಲಿತ್ತು, ವ್ಯಾಪಾರ ಇರಲಿಲ್ಲ ಅಂತ ನನ್ನ ಲೆಕ್ಕ. 1929ರಲ್ಲಿ ದಾಮ್ಲೆ, ಫತ್ತೇಲಾಲ್, ಶಾಂತಾರಾಮ್ ಮೊದಲಾದವರು ಹೊರಬಂದು ಪ್ರಭಾತ್ ಕಂಪೆನಿ ಶುರು ಮಾಡಿದರು. ದಾಮ್ಲೆ-ಫತ್ತೇಲಾಲ್ ಜೋಡಿ 1936ರಲ್ಲಿ ಮಾಡಿದ ಸಂತ ತುಕಾರಾಂಗೆ ವೆನಿಸ್ ಚಿತ್ರೋತ್ಸವದಲ್ಲಿ ಮನ್ನಣೆ ಸಿಕ್ಕಿತು. ಹಿಂದೂ ಸಂತನ ಆ ಚಿತ್ರದ ಅರ್ಧ ಕೈಕೆಲಸ ನಿಪ್ಪಾಣಿ ದಾಟಿದರೆ ಸಿಗುವ ಕಾಗಲ್‌ನ ಒಬ್ಬ ಮುಸ್ಲಿಮನದ್ದು. ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತುಂಟು? ಕನ್ನಡದವರಿಗೂ ಆ ಊರಿನ ಋಣ ಇದೆ. 1934ರಲ್ಲಿ ತೆರೆಕಂಡ ನಮ್ಮ ಮೊದಲ ಮಾತಿನ ಚಿತ್ರ ಸತಿ ಸುಲೋಚನಾ ಚಿತ್ರೀಕರಣ ಆದದ್ದು ಕೊಲ್ಹಾಪುರದ ಛತ್ರಪತಿ ಸ್ಟುಡಿಯೋದಲ್ಲಿ.

ಶಿಷ್ಯರು ಹೋದ ಮೇಲೆ ಬಾಬುರಾವ್ ಹಳೇ ಕಂಪೆನಿ ಬಿಟ್ಟರು. 1936ರಲ್ಲಿ ಸಾವಕಾರಿ ಪಾಶವನ್ನು ಮಾತು ಸೇರಿಸಿ ಇನ್ನೊಮ್ಮೆ ಮಾಡಿದರು, ಅಷ್ಟು ಹಟ. ಉಳಿದ ಕಾಲ ಹೆಚ್ಚಾಗಿ ಚಿತ್ರ ಬರೆಯುತ್ತ, ಮೂರ್ತಿ ಮಾಡುತ್ತ ಕೊಲ್ಹಾಪುರದಲ್ಲೇ ಕಳೆದು, 1954ರ ಜನವರಿ 16ರಂದು ತೀರಿಕೊಂಡರು.

ಅವರ ಮೂಕಿ ಚಿತ್ರಗಳಲ್ಲಿ ಹೆಚ್ಚಿನವು ಇಂದು ಇಲ್ಲ. 1925ರ ಸಾವಕಾರಿ ಪಾಶವೂ ಇಲ್ಲ. ಮಂಕು ಬೆಳಕಿನಲ್ಲಿ ಒಂದು ಗುಡಿಸಲು, ಅದರ ಹತ್ತಿರ ಊಳಿಡುವ ನಾಯಿ: ಅಂದು ನೋಡಿದವರು ನೆನಪಿಟ್ಟುಕೊಂಡು ಹೇಳಿದ್ದರಿಂದ ಆ ದೃಶ್ಯವೊಂದು ನಮಗೆ ಗೊತ್ತು.