ಹನ್ನೊಂದೂವರೆ ಪೌಂಡಿನ ಎಂ.ಎ.

ಮಗ ಪರದೇಶಕ್ಕೆ ಹೋಗಿ ಓದ್ತೀನಿ ಅಂದರೆ ಮನೆಯವರು ಮೊದಲು ಹಾಕೋದು ದುಡ್ಡಿನ ಲೆಕ್ಕ. ಅದೂ ಡಾಕ್ಟರಿಕೆಯಲ್ಲ, ಇಂಜಿನಿಯರಿಂಗ್ ಅಲ್ಲ, ಅರ್ಥಶಾಸ್ತ್ರ, ಸಮಾಜಶಾಸ್ತ್ರ ಅಂದರಂತೂ ಮುಗಿದೇ ಹೋಯಿತು. ಅದರಿಂದ ಏನು ಬಂತು ಅಂತ ಕೇಳುವವರೇ ಎಲ್ಲಾ. ಅಂಥವರು ಡಾ. ಅಂಬೇಡ್ಕರರ ಲೆಕ್ಕವನ್ನು ಒಮ್ಮೆ ನೋಡಬೇಕು.

1913ನೇ ಇಸವಿ. ಭೀಮರಾಯರಿಗೆ 22 ವರ್ಷ. ಮುಂಬಯಿಯ ಎಲ್ಫಿನ್‌ಸ್ಟನ್ ಕಾಲೇಜಿನಲ್ಲಿ ಬಿ.ಎ. ಮುಗಿದಿತ್ತು. ಬರೋಡಾ ಸಂಸ್ಥಾನದಲ್ಲಿ ನೌಕರಿಗೆ ಸೇರಿ ಕೆಲವೇ ದಿನ, ತಂದೆಗೆ ಕಾಯಿಲೆ ಅಂತ ಸುದ್ದಿ ಬಂತು. ಫೆಬ್ರವರಿ 2ರಂದು ತಂದೆ ರಾಮ್‌ಜಿ ಸಕ್ಪಾಲ್ ತೀರಿಕೊಂಡರು. ಮನೆಯಲ್ಲಿ ಹೆಂಡತಿ ರಮಾಬಾಯಿ, ಕೈಗೂಸು ಯಶವಂತ. ದುಡಿಯುವ ಕೈ ಬೇಕಾಗಿದ್ದ ಹೊತ್ತು ಅದು.

ಆ ಹೊತ್ತಿಗೇ ಬರೋಡಾ ಮಹಾರಾಜ ಸಯಾಜಿರಾವ್ ಗಾಯಕವಾಡರು ಅಮೆರಿಕಕ್ಕೆ ಕಳಿಸಲು ಮುಂದಾದರು. ತಿಂಗಳಿಗೆ ಹನ್ನೊಂದೂವರೆ ಪೌಂಡು, 3 ವರ್ಷ. ಪುಕ್ಕಟೆಯಲ್ಲ! ವಾಪಸು ಬಂದು 10 ವರ್ಷ ಸಂಸ್ಥಾನದ ಚಾಕರಿ ಮಾಡಬೇಕು. ಜೂನ್‌ನಲ್ಲಿ ಕರಾರಿಗೆ ಸಹಿ ಬಿತ್ತು, ಜುಲೈನಲ್ಲಿ ನ್ಯೂಯಾರ್ಕ್ ಸೇರಿದ್ದಾಯಿತು.

ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಜಾತಿ ಕೇಳದೆ ಪಕ್ಕದಲ್ಲಿ ಕೂತು ಉಣ್ಣುವ ಜನ ಸಿಕ್ಕರು. ನವಲ್ ಭಥೇನಾ ಎಂಬ ಪಾರಸಿ ಗೆಳೆಯ ಸಿಕ್ಕರು. ಓದಿದ್ದು ಮುಖ್ಯವಾಗಿ ಅರ್ಥಶಾಸ್ತ್ರ, ಜೊತೆಗೆ ಸಮಾಜಶಾಸ್ತ್ರ, ಇತಿಹಾಸ, ಮಾನವಶಾಸ್ತ್ರ, ತತ್ತ್ವಶಾಸ್ತ್ರ. ಸೆಲಿಗ್‌ಮನ್, ಜಾನ್ ಡ್ಯೂಯಿಯಂಥ ದೊಡ್ಡ ಮೇಷ್ಟ್ರುಗಳು. ಕೈ ಹಿಡಿದು ಖರ್ಚು ಮಾಡಿ ಉಳಿದ ಕಾಸಿಗೆಲ್ಲ ಹಳೇ ಪುಸ್ತಕ ಕೊಂಡರು. 1915ರಲ್ಲಿ ಎಂ.ಎ. ಆಯಿತು. 1916ರ ಮೇ ತಿಂಗಳಲ್ಲಿ ಭಾರತದ ಜಾತಿ ಪದ್ಧತಿ ಹುಟ್ಟಿದ ಬಗೆ ಕುರಿತು ಪ್ರಬಂಧ ಓದಿದರು. ಊರಲ್ಲಿ ತಾವು ಉಂಡ ನೋವನ್ನೇ ಅಲ್ಲಿ ಶಾಸ್ತ್ರವಾಗಿ ಬಿಡಿಸಿ ನೋಡಿದರು.

ಮುಂದೆ ಲಂಡನ್. 1917ರಲ್ಲಿ ಸ್ಕಾಲರ್‌ಶಿಪ್ ಮುಗಿಯಿತು, ಓದು ಅರ್ಧಕ್ಕೇ ನಿಂತಿತು. ಯುದ್ಧದ ಕಾಲ ಬೇರೆ. ಬೇರೆ ಹಡಗಿನಲ್ಲಿ ಕಳಿಸಿದ್ದ ಪುಸ್ತಕಗಳು ಜರ್ಮನ್ನರ ಟಾರ್ಪೆಡೊ ಏಟಿಗೆ ಸಮುದ್ರದ ಪಾಲಾದವು.

ಕರಾರಿನಂತೆ ಬರೋಡಾಕ್ಕೆ ಹೋದರು. ಕೊಲಂಬಿಯಾದ ಎಂ.ಎ. ಅಲ್ಲಿ ಯಾರಿಗೂ ಕಾಣಲಿಲ್ಲ, ಕಂಡದ್ದು ಜಾತಿ ಮಾತ್ರ! ಜವಾನರು ಫೈಲುಗಳನ್ನು ದೂರದಿಂದಲೇ ಎಸೆದರು. ಬಾಡಿಗೆ ಮನೆ ಸಿಗಲಿಲ್ಲ. ಪಾರಸಿ ವಸತಿಗೃಹದಲ್ಲಿ ಹೆಸರು ಮರೆಸಿಕೊಂಡು ಇದ್ದರೆ, ದೊಣ್ಣೆ ಹಿಡಿದವರು ಬಂದು ಹೊರಡಿಸಿದರು. ಡಿಗ್ರಿ ಹಿಡಿದೂ ನೆತ್ತಿ ಮೇಲೆ ಸೂರಿಲ್ಲ. ಮುಂಬಯಿಗೆ ವಾಪಸಾದರು.

ಇಲ್ಲಿಗೇ ಲೆಕ್ಕ ಮುಚ್ಚಿದ್ದರೆ ನಷ್ಟವೇ. ಅವರು ಮುಚ್ಚಲಿಲ್ಲ. 1918ರಲ್ಲಿ ಮುಂಬಯಿಯ ಸಿಡೆನ್‌ಹ್ಯಾಮ್ ಕಾಲೇಜಿನಲ್ಲಿ ಪ್ರೊಫೆಸರ್ ಆಗಿ, ಸಂಬಳದಲ್ಲಿ ಕೂಡಿಟ್ಟರು. ಕೊಲ್ಹಾಪುರದ ಶಾಹು ಮಹಾರಾಜರು ನೆರವಾದರು, ಗೆಳೆಯ ಭಥೇನಾ 5,000 ರೂಪಾಯಿ ಸಾಲ ಕೊಟ್ಟರು. 1920ರಲ್ಲಿ ಮತ್ತೆ ಲಂಡನ್. 1921ರಲ್ಲಿ ಎಂ.ಎಸ್ಸಿ., 1923ರಲ್ಲಿ ಡಿ.ಎಸ್ಸಿ. ರೂಪಾಯಿಯ ಸಮಸ್ಯೆ ಕುರಿತ ಗ್ರಂಥವೂ ಬಂತು. ಅಂಗಡಿ ಗಲ್ಲಾಪೆಟ್ಟಿಗೆಯಲ್ಲಿ ಎಣಿಸುವ ರೂಪಾಯಿ ಯಾಕೆ ಏರುತ್ತೆ, ಯಾಕೆ ಇಳಿಯುತ್ತೆ ಅನ್ನೋ ವಿಚಾರ ಅದು. 1927ರಲ್ಲಿ ಕೊಲಂಬಿಯಾದ ಪಿಎಚ್.ಡಿ. ಸಿಕ್ಕಿತು.

ಅದೇ ವರ್ಷ ಮಹಾಡದ ಕೆರೆಯ ನೀರು ಮುಟ್ಟುವ ಸತ್ಯಾಗ್ರಹ. 1947ರ ಆಗಸ್ಟ್ 29ರಂದು ಸಂವಿಧಾನದ ಕರಡು ಸಮಿತಿ ನೇಮಕವಾಯಿತು, ಅಧ್ಯಕ್ಷರು ಇವರೇ. 1956ರ ಡಿಸೆಂಬರ್ 6ರಂದು ಕಣ್ಮುಚ್ಚಿದರು.

ಬರೋಡಾದ ಖಜಾನೆಗೆ 10 ವರ್ಷದ ಚಾಕರಿ ಸಿಗಲಿಲ್ಲ, ನಿಜ. ಆದರೆ ಸಂವಿಧಾನದ 17ನೇ ವಿಧಿ ಅಸ್ಪೃಶ್ಯತೆಯನ್ನು ರದ್ದು ಮಾಡಿತು. ಹನ್ನೊಂದೂವರೆ ಪೌಂಡಿಗೆ ಬಂದ ಬಡ್ಡಿ ಎಷ್ಟು ಅಂತ ಈಗ ಲೆಕ್ಕ ಹಾಕಬಹುದು.